ಬಿಡಾರದ ಬೆಳಕು: ಎಣ್ಣೆಯ ಲಾಟೀನಿನ ಬಳಕೆ ಮತ್ತು ಸಾಗಣೆಯ ಚರಿತ್ರೆ

ನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ದೇವಾಲಯ, ಶಾಸನ, ಕಾಳಗಗಳನ್ನು ಕುರಿತು ಬರೆಯುತ್ತಾರೆ. ಅದು ಸಹಜವೇ. ಆದರೆ ದಾರಿಯ ಚರಿತ್ರೆಯೆಂಬುದೂ ಒಂದಿದೆ. ಊರು ಬಿಟ್ಟು ಹೊರಟ ವರ್ತಕರು, ಸಿಪಾಯಿಗಳು, ಮೋಜಣಿಯವರು, ಯಾತ್ರಿಕರು, ಆಟದ ಮೇಳದವರು ಹೊತ್ತು ಮುಳುಗಿದ ಮೇಲೆ ಎಲ್ಲಿ ತಂಗಿದರು, ಯಾವ ಬೆಳಕಿನಲ್ಲಿ ಉಂಡರು, ಯಾವ ಬೆಳಕಿನಲ್ಲಿ ಲೆಕ್ಕ ಬರೆದರು ಎಂಬ ಪ್ರಶ್ನೆಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಉತ್ತರ ಸಿಗುವುದು ಕಷ್ಟ. ಮನೆಯ ದೀಪವನ್ನು ಕುರಿತು ಕವಿಗಳು ಹಾಡಿದ್ದಾರೆ. ಗುಡಿಯ ದೀಪವನ್ನು ಕುರಿತು ಶಾಸನಗಳು ಹೇಳುತ್ತವೆ. ಬಿಡಾರದ ದೀಪವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿಲ್ಲ.

ಗಡಿನಾಡಿನವರಾದ ನಮಗೆ ಈ ವಿಷಯ ಹತ್ತಿರದ್ದು. ಗಡಿಯೆಂದರೆ ಜನ ಹಾದುಹೋಗುವ ಸ್ಥಳ. ಕಾಸರಗೋಡಿನ ಕಡಲ ದಾರಿ, ಹೊಸೂರಿನ ಗಾಡಿರಸ್ತೆ, ತಾಳವಾಡಿಯ ಘಾಟಿ, ಅಕ್ಕಲಕೋಟೆಯ ಬಯಲು, ಆದವಾನಿಯ ಹತ್ತಿಪೇಟೆಯ ದಾರಿ, ಇವೆಲ್ಲವೂ ಹಾದಿಹೋಕರ ಬಿಡಾರಗಳನ್ನು ಕಂಡ ನೆಲಗಳು. ಆದುದರಿಂದ ಬಿಡಾರದಲ್ಲಿ ಎಣ್ಣೆಯ ದೀಪವನ್ನು ಹೇಗೆ ಬಳಸುತ್ತಿದ್ದರು, ಅದನ್ನು ಹೇಗೆ ಸಾಗಿಸುತ್ತಿದ್ದರು ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಣ್ಣೆ ಊರಿನದಾಗಿದ್ದ ಕಾಲ

ಕನ್ನಡ ಶಾಸನಗಳಲ್ಲಿ ನಂದಾದೀವಿಗೆಯ ದತ್ತಿಗಳು ಹೇರಳವಾಗಿ ಕಾಣುತ್ತವೆ. ಊರಿನ ಗಾಣಗಳಿಂದ ಇಷ್ಟು ಸೊಲ್ಲಿಗೆ ಎಣ್ಣೆ ದೇವರ ಸೊಡರಿಗೆ ಸಲ್ಲಬೇಕೆಂದು ವಿಧಿಸುವುದು ವಾಡಿಕೆಯಾಗಿತ್ತು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಳಕು ಊರಿನ ಗಾಣದಿಂದಲೇ ಹುಟ್ಟುತ್ತಿದ್ದ ಪದಾರ್ಥವಾಗಿತ್ತು. ಬಯಲುಸೀಮೆಯಲ್ಲಿ ಹರಳೆಣ್ಣೆ, ಹೊಂಗೆಯೆಣ್ಣೆ, ಹಿಪ್ಪೆಯೆಣ್ಣೆ; ಕರಾವಳಿಯಲ್ಲಿ ತೆಂಗಿನೆಣ್ಣೆ, ಹೊನ್ನೆಯೆಣ್ಣೆ. ಆಯಾ ನೆಲದ ಮರ, ಆಯಾ ನೆಲದ ದೀಪ. 1800ರ ಏಪ್ರಿಲ್ ತಿಂಗಳಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರಲ್ಲಿ ಹಿಂದಿರುಗಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತಾನು ಕಂಡ ಗಾಣಗಳನ್ನೂ ಎಣ್ಣೆಬೀಜಗಳನ್ನೂ ಅವುಗಳ ಉಪಯೋಗವನ್ನೂ ವಿವರವಾಗಿ ದಾಖಲಿಸಿದ್ದಾನೆ. ಅವನು 1801ರ ಜನವರಿಯಲ್ಲಿ ನಮ್ಮ ಬೇಕಲ, ಕುಂಬಳೆ, ಮಂಜೇಶ್ವರಗಳ ಮಾರ್ಗವಾಗಿ ಉತ್ತರಕ್ಕೆ ಹೋದವನು. ಅವನ ಪ್ರವಾಸವೆಂದರೆ ದಿನಕ್ಕೊಂದು ಊರು, ದಿನಕ್ಕೊಂದು ಬಿಡಾರ.

ಆದರೆ ಹಣತೆಯು ನೆಲೆಯಾಗಿ ನಿಂತ ಮನೆಯ ದೀಪ. ಅದರ ಜ್ವಾಲೆಗೆ ಮರೆಯಿಲ್ಲ. ಒಂದು ಬೀಸುಗಾಳಿಗೆ ಅದು ಆರುತ್ತದೆ. ಹೊತ್ತುಕೊಂಡು ನಡೆದರೆ ಎಣ್ಣೆ ತುಳುಕುತ್ತದೆ. ಆದುದರಿಂದ ದಾರಿಗೆ ಬೇರೆಯ ಬೆಳಕು ಬೇಕಾಯಿತು. ಒಳನಾಡಿನಲ್ಲಿ ಪಂಜು, ದೀವಟಿಗೆ, ಹಿಲಾಲು; ನಮ್ಮ ಕರಾವಳಿಯಲ್ಲಿ ಒಣಗಿದ ತೆಂಗಿನ ಗರಿಯ ಸೂಟೆ. ಪಲ್ಲಕ್ಕಿಯಲ್ಲಿ ರಾತ್ರಿ ಪ್ರಯಾಣ ಮಾಡುವವರ ಮುಂದೆ ಮಶಾಲ್ಚಿಯು ಒಂದು ಕೈಯಲ್ಲಿ ಚಿಂದಿ ಸುತ್ತಿದ ಪಂಜನ್ನೂ ಇನ್ನೊಂದು ಕೈಯಲ್ಲಿ ಎಣ್ಣೆಯ ಪಾತ್ರೆಯನ್ನೂ ಹಿಡಿದು, ಆಗಾಗ ಎಣ್ಣೆಯೆರೆಯುತ್ತ ಓಡಬೇಕಾಗಿತ್ತು. ಬೆಳಕಿನ ಸಾಗಣೆಯೆಂದರೆ ಅಂದು ಮನುಷ್ಯನ ಸಾಗಣೆಯೇ ಆಗಿತ್ತು. ಕಾಲಾಂತರದಲ್ಲಿ ಪಂಜಿನ ಅಗತ್ಯ ತಪ್ಪಿದಾಗ ಮಶಾಲ್ಚಿಯೆಂಬ ಹೆಸರು ದೊರೆಗಳ ಬಂಗಲೆಗಳಲ್ಲಿ ಪಾತ್ರೆ ತೊಳೆಯುವ ಆಳಿಗೆ ಬಂದಿತು. ಒಂದು ಕಸಬು ಅಳಿದ ಬಗೆಯನ್ನು ಒಂದು ಶಬ್ದವೇ ಹೀಗೆ ಉಳಿಸಿಕೊಂಡಿದೆ.

ಬೆಟ್ಟದ ತುದಿಯ ದೀಪಗಳು

ಬಿಡಾರದ ದೀಪಕ್ಕೆ ಶಾಸ್ತ್ರೀಯವಾದ ಮಹತ್ವ ಬಂದದ್ದು ಭೂಮಾಪನದ ಕಾಲದಲ್ಲಿ. ವಿಲಿಯಂ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಿತಿಯ ಮಹಾಮೋಜಣಿಯನ್ನು ಆರಂಭಿಸಿದನು. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ಪಶ್ಚಿಮ ಕರಾವಳಿ, ದಕ್ಷಿಣಕ್ಕೆ ಕನ್ಯಾಕುಮಾರಿ, ಉತ್ತರಕ್ಕೆ 1811ರಲ್ಲಿ ಗುತ್ತಿ, 1815ರಲ್ಲಿ ಬೀದರ ಪ್ರದೇಶ, ಹೀಗೆ ಆ ಕೆಲಸ ಸಾಗಿತು. ಇಂದು ನಾವು ಗಡಿನಾಡು ಎಂದು ಕರೆಯುವ ಹಲವು ಪ್ರದೇಶಗಳ ಬೆಟ್ಟಗಳ ಮೇಲೆ ಈ ಮೋಜಣಿಯವರ ಡೇರೆಗಳು ಎದ್ದು ಹೋಗಿವೆ. ಅವರ ಮುಖ್ಯ ಉಪಕರಣವಾದ ಥಿಯೊಡೊಲೈಟ್ ಯಂತ್ರವು ಸುಮಾರು ಅರ್ಧ ಟನ್ ತೂಗುತ್ತಿತ್ತು. ಅದನ್ನು ಆಳುಗಳು ಹೆಗಲ ಮೇಲೆ ಹೊತ್ತು ಬೆಟ್ಟವೇರಿಸುತ್ತಿದ್ದರು.

ಲ್ಯಾಂಬ್ಟನ್ನನ ಸಹಾಯಕನಾಗಿ ಬಂದ ಜಾರ್ಜ್ ಎವರೆಸ್ಟನು 1820ರ ದಶಕದ ಆರಂಭದಲ್ಲಿ ದಕ್ಷಿಣಾಪಥದಲ್ಲಿ ಕೆಲಸಮಾಡುತ್ತಿದ್ದಾಗ ಒಂದು ವಿಶೇಷವನ್ನು ಮನಗಂಡನು. ಹಗಲು ಹೊತ್ತಿನಲ್ಲಿ ಬಿಸಿಲಿನ ಝಳದಿಂದಲೂ ಧೂಳಿನಿಂದಲೂ ದೂರದ ಬೆಟ್ಟದ ಮೇಲಿನ ಧ್ವಜ ಕಾಣಿಸುವುದಿಲ್ಲ, ಕಂಡರೂ ನಡುಗುತ್ತದೆ. ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಬೆಳಕಿನ ಕಿರಣವು ಭೂಮಿಯ ಬಾಗಿಗೆ ಅನುಸಾರವಾಗಿ ಹೆಚ್ಚು ಬಾಗುತ್ತದೆ. ಅದರಿಂದ ಹಗಲಲ್ಲಿ ಕಾಣದ ಸ್ಥಳವೂ ರಾತ್ರಿ ಎತ್ತಿ ತೋರಿಸಿದಂತೆ ಕಾಣುತ್ತದೆ. ಆದುದರಿಂದ ಅವನು ರಾತ್ರಿಯ ದೀಪಗಳನ್ನೇ ಗುರಿಯಾಗಿಟ್ಟುಕೊಂಡು ಕೋನಗಳನ್ನು ಅಳೆಯುವ ಕ್ರಮವನ್ನು ಬೆಳೆಸಿದನು. ಆ ಮೊದಲ ದೀಪಗಳು ಬಹಳ ಸರಳವಾಗಿದ್ದುವು. ಒಂದು ಬಟ್ಟಲಿನಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿಬೀಜ. ಅದರ ಮೇಲೆ ಪಕ್ಕದಲ್ಲಿ ಕಿಂಡಿ ಕೊರೆದು ಬೋರಲಿಟ್ಟ ಮಣ್ಣಿನ ಗಡಿಗೆ. ಬಟ್ಟಲು ಕುಂಬಾರನದು, ಬೀಜ ರೈತನದು, ಎಣ್ಣೆ ಗಾಣಿಗನದು. ಲಂಡನ್ನಿನ ಕುಶಲಕರ್ಮಿಗಳು ಮಾಡಿದ ಯಂತ್ರಕ್ಕೆ ಗುರಿ ತೋರಿಸಿದ್ದು ಹಳ್ಳಿಯ ಗಡಿಗೆ.

ಮುಂದೆ 1830ರಲ್ಲಿ ಎವರೆಸ್ಟನು ವಿಲಾಯತಿಯಿಂದ ಮರಳಿ ಬಂದಾಗ ಆರ್ಗಂಡ್ ದೀಪಗಳನ್ನು ತಂದನು. ಸ್ವಿಟ್ಜರ್‌ಲೆಂಡಿನ ಎಮೆ ಆರ್ಗಂಡನು 1780ರ ಸುಮಾರಿನಲ್ಲಿ ಕಂಡುಹಿಡಿದ ಈ ದೀಪದಲ್ಲಿ ಬತ್ತಿಯು ಟೊಳ್ಳಾದ ಬಳೆಯಾಕಾರದಲ್ಲಿದ್ದು, ಒಳಗಿನಿಂದಲೂ ಹೊರಗಿನಿಂದಲೂ ಗಾಳಿ ದೊರೆತು ಜ್ವಾಲೆ ಪ್ರಕಾಶವಾಗಿ ಉರಿಯುತ್ತದೆ. ಅದರ ಹಿಂದೆ ಬಟ್ಟಲಿನಂಥ ಕನ್ನಡಿಯನ್ನು ಜೋಡಿಸಿದರೆ ಬೆಳಕು ಒಂದೇ ದಿಕ್ಕಿಗೆ ಬಹುದೂರ ಹೋಗುತ್ತದೆ. ದೀಪದ ಆಳುಗಳು ದೂರದ ಬೆಟ್ಟದ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಕಾಡಿನ ಜ್ವರಕ್ಕೂ ಮೃಗಗಳಿಗೂ ಅಂಜದೆ ಪ್ರತಿರಾತ್ರಿ ದೀಪ ಹಚ್ಚಿ ಕಾಯಬೇಕಾಗಿತ್ತು. ಎಣ್ಣೆ, ನೀರು, ಅಕ್ಕಿ ಎಲ್ಲವೂ ತಲೆಹೊರೆಯಲ್ಲೇ ಮೇಲೇರಬೇಕು. ಒಂದು ರಾತ್ರಿ ದೀಪ ಆರಿದರೆ ಮೂವತ್ತು ನಲವತ್ತು ಮೈಲಿ ದೂರದಲ್ಲಿ ಯಂತ್ರದ ಮುಂದೆ ಕುಳಿತವನ ಕೆಲಸ ವ್ಯರ್ಥ. ಎವರೆಸ್ಟನ ಹೆಸರು ಜಗತ್ತಿನ ಅತ್ಯುನ್ನತ ಶಿಖರಕ್ಕೆ ಸಂದಿತು. ದೀಪ ಹೊತ್ತವರ ಹೆಸರು ಯಾವ ಗುಡ್ಡಕ್ಕೂ ಸಲ್ಲಲಿಲ್ಲ.

ಸೀಮೆಎಣ್ಣೆಯ ಆಗಮನ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದೀಪದ ಚರಿತ್ರೆ ಹೊಸ ತಿರುವು ಪಡೆಯಿತು. ಕೆನಡಾ ದೇಶದ ಅಬ್ರಹಾಂ ಗೆಸ್ನರನು 1846ರಲ್ಲಿ ಕಲ್ಲಿದ್ದಲಿನಿಂದ ದೀಪದ ಎಣ್ಣೆಯನ್ನು ಬಟ್ಟಿಯಿಳಿಸಿ ತೋರಿಸಿದನು. ಕೆರೊಸಿನ್ ಎಂಬ ಹೆಸರು ಅವನಿಟ್ಟದ್ದು; ಮೇಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದು ಹುಟ್ಟಿತು. ಪೋಲೆಂಡಿನ ಇಗ್ನಾಸಿ ಲುಕಾಸಿಯೆವಿಚ್ ಎಂಬ ಔಷಧಶಾಸ್ತ್ರಜ್ಞನು ಭೂತೈಲದಿಂದ ಎಣ್ಣೆ ತೆಗೆದು ಅದಕ್ಕೆ ತಕ್ಕ ದೀಪವನ್ನೂ ಮಾಡಿಸಿದನು. 1853ರ ಜುಲೈ 31ರ ರಾತ್ರಿ ಲ್ವೀವ್ ನಗರದ ಆಸ್ಪತ್ರೆಯಲ್ಲಿ ಆ ದೀಪದ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 1859ರ ಆಗಸ್ಟಿನಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕನು ತೋಡಿಸಿದ ಬಾವಿಯಲ್ಲಿ ಎಪ್ಪತ್ತಡಿಗೂ ಕಡಮೆ ಆಳದಲ್ಲೇ ತೈಲ ಸಿಕ್ಕಿತು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ಈ ಎಣ್ಣೆ ಹಡಗುಗಳಲ್ಲಿ ನಮ್ಮ ಬಂದರುಗಳಿಗೆ ಬರತೊಡಗಿತು.

ಅದು ಬಂದ ರೀತಿಯೂ ಗಮನಾರ್ಹ. ತಗಡಿನ ಚೌಕ ಡಬ್ಬಿಗಳಲ್ಲಿ ಎಣ್ಣೆ ತುಂಬಿ, ಎರಡೆರಡು ಡಬ್ಬಿಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಿದ್ದರು. ಡಬ್ಬಿಯೊಂದಕ್ಕೆ ನಾಲ್ಕು ಇಂಪೀರಿಯಲ್ ಗ್ಯಾಲನ್ನಿಗೆ ಸ್ವಲ್ಪ ಮಿಗಿಲು, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 19 ಲೀಟರು. ಈ ಅಳತೆಯು ಸಾಗಣೆಗೆ ಹೇಳಿಮಾಡಿಸಿದಂತಿತ್ತು. ಒಂದು ಡಬ್ಬಿ ಒಬ್ಬ ಆಳಿನ ತಲೆಗೆ ಸರಿ. ಎರಡು ಡಬ್ಬಿ ಒಂದು ಅಡ್ಡೆಗೆ ಸರಿ. ಪೆಟ್ಟಿಗೆ ಗಾಡಿಗೆ ಸರಿ. 1892ರಲ್ಲಿ ಮ್ಯೂರೆಕ್ಸ್ ಎಂಬ ತೈಲದ ಹಡಗು ಡಬ್ಬಿಗಳಿಲ್ಲದೆ ತನ್ನ ಹೊಟ್ಟೆಯಲ್ಲೇ ಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆಯನ್ನು ದಾಟಿತು. ಆ ಮೇಲೆ ಎಣ್ಣೆ ಇನ್ನೂ ಅಗ್ಗವಾಯಿತು. ಖಾಲಿಯಾದ ಡಬ್ಬಿಯನ್ನು ನಮ್ಮ ಜನ ಎಸೆಯಲಿಲ್ಲ. ಅದು ನೀರು ಹೊರುವ ಕೊಡವಾಯಿತು, ಅಕ್ಕಿಯ ಡಬ್ಬವಾಯಿತು, ಬಿಡಿಸಿ ಹೊಡೆದರೆ ಗುಡಿಸಲಿನ ಮಾಡೂ ಆಯಿತು.

ಹೊಸ ಪದಾರ್ಥಕ್ಕೆ ಹೊಸ ಹೆಸರು ಬೇಕು. ಮೈಸೂರು ಸೀಮೆಯವರು ಅದನ್ನು ಸೀಮೆಎಣ್ಣೆ ಎಂದರು. ಕಾಸರಗೋಡು, ಮಂಗಳೂರು ಕಡೆಯಲ್ಲಿ ಚಿಮಿಣಿ ಎಣ್ಣೆಯಾಯಿತು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಕನ್ನಡಿಗರ ಕಿವಿಗೆ ಮರಾಠಿಯ ರಾಕೇಲ್, ಘಾಸಲೇಟ್ ಎಂಬ ಮಾತುಗಳು ಬಿದ್ದುವು. ಮೊದಲನೆಯದು ಶಿಲಾತೈಲವೆಂಬ ಅರ್ಥದ ಇಂಗ್ಲಿಷ್ ಮಾತಿನ ರೂಪ, ಎರಡನೆಯದು ಗ್ಯಾಸ್‌ಲೈಟ್ ಎಂಬುದರ ರೂಪ. ತಮಿಳರೂ ಮಲೆಯಾಳಿಗಳೂ ಮಣ್ಣಿನ ಎಣ್ಣೆಯೆಂದು ಹೆಸರಿಟ್ಟರು. ತೆಲುಗರು ಕಿರಸನಾಯಿಲು ಎಂದರು. ಒಂದೇ ಡಬ್ಬಿಯ ಎಣ್ಣೆ ಗಡಿ ದಾಟಿದಂತೆಲ್ಲ ಹೆಸರು ಬದಲಾಯಿಸಿತು. ಇವುಗಳಲ್ಲಿ ನಮ್ಮ ಸೀಮೆಎಣ್ಣೆಯೆಂಬ ಮಾತು ಗಡಿನಾಡಿನವರು ವಿಶೇಷವಾಗಿ ಯೋಚಿಸಬೇಕಾದದ್ದು. ಸೀಮೆಯೆಂದರೆ ಎಲ್ಲೆ, ಗಡಿ, ಸೀಮೆಯೆಂದರೆ ನಾಡು, ಹಾಗೆಯೇ ಸೀಮೆಯೆಂದರೆ ಎಲ್ಲೆಯಾಚೆಯ ಪರದೇಶ. ಉಪಾಧ್ಯಾಯರ ಕೈಯ ಸೀಮೆಸುಣ್ಣವೂ ಇದೇ ಗುಂಪಿನ ಶಬ್ದ. ಹೊರಗಿನಿಂದ ಬಂದುದೆಂದು ಸಾರುವ ಹೆಸರನ್ನಿಟ್ಟುಕೊಂಡೇ ಅವೆರಡೂ ನಮ್ಮ ಶಾಲೆಯ ಒಳಗಿನ ವಸ್ತುಗಳಾದುವು.

ಆದರೆ ಈ ಲಾಭದೊಂದಿಗೆ ಒಂದು ನಷ್ಟವೂ ಬಂದಿತೆಂಬುದನ್ನು ಮರೆಯಬಾರದು. ಊರಿನ ಗಾಣದಿಂದ ಬರುತ್ತಿದ್ದ ಬೆಳಕು ಸಮುದ್ರದಾಚೆಯಿಂದ ಬರುವಂತಾಯಿತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ತೈಲ ಸಿಕ್ಕಿ 1901ರಲ್ಲಿ ಶುದ್ಧೀಕರಣ ಕಾರ್ಖಾನೆ ಆರಂಭವಾದರೂ ನಾಡಿನ ಅಗತ್ಯಕ್ಕೆ ಅದು ಸಾಲಲಿಲ್ಲ. ಬರ್ಮಾದ ಎಣ್ಣೆಯನ್ನೇ ಬಹುವಾಗಿ ನಂಬಬೇಕಾಯಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದಾಗ ಆ ಎಣ್ಣೆ ನಿಂತುಹೋಯಿತು. ಎಲ್ಲೋ ದೂರದಲ್ಲಿ ಒಂದು ಪಟ್ಟಣ ಬಿದ್ದರೆ ನಮ್ಮ ಹಳ್ಳಿಯ ಹುಡುಗನ ಓದು ನಿಲ್ಲುತ್ತದೆಂಬುದನ್ನು ಆ ತಲೆಮಾರಿನವರು ಕಣ್ಣಾರೆ ಕಂಡರು. ಮುಂಬಯಿಯ ಟ್ರಾಂಬೆಯಲ್ಲಿ 1954 ಮತ್ತು 1955ರಲ್ಲಿ ದೊಡ್ಡ ಶುದ್ಧೀಕರಣ ಕಾರ್ಖಾನೆಗಳು ಆರಂಭವಾದುದು ಇದರ ನಂತರದ ಮಾತು.

ಗಾಳಿಗೆ ಆರದ ದೀಪ

ಎಣ್ಣೆ ಬಂದಿತು, ಆದರೆ ಗಾಳಿಯ ಸಮಸ್ಯೆ ಉಳಿದಿತ್ತು. ಸೀಮೆಎಣ್ಣೆ ತೆಳುವಾದ ಎಣ್ಣೆ. ಗಾಳಿ ಸಾಲದಿದ್ದರೆ ಹೊಗೆಯುಗುಳುತ್ತದೆ; ಗಾಳಿ ಹೆಚ್ಚಾದರೆ ಆರುತ್ತದೆ. ಮನೆಯಲ್ಲಿ ಎತ್ತರದ ಗಾಜಿನ ಚಿಮಣಿಯಿಂದ ಇದನ್ನು ಸರಿಪಡಿಸಿದರು. ಬಿಡಾರಕ್ಕೂ ಗಾಡಿಗೂ ಆ ಉಪಾಯ ಸಾಲದು. ಇದಕ್ಕೆ ಪರಿಹಾರ ಕಂಡವನು ಅಮೆರಿಕದ ಜಾನ್ ಇರ್ವಿನ್. 1860ರ ದಶಕದ ಕೊನೆಯಲ್ಲಿ ಅವನು ದೀಪದ ಎರಡು ಪಕ್ಕಗಳಲ್ಲೂ ತಗಡಿನ ಕೊಳವೆಗಳನ್ನಿಟ್ಟು, ಮೇಲಿನಿಂದ ಗಾಳಿಯನ್ನು ಬತ್ತಿಯ ಬುಡಕ್ಕೆ ಇಳಿಸುವ ಕ್ರಮವನ್ನು ರೂಪಿಸಿದನು. ಮೊದಲ ಬಗೆಯಲ್ಲಿ ಜ್ವಾಲೆಯಿಂದ ಮೇಲೇರಿದ ಬಿಸಿಗಾಳಿಯ ಒಂದು ಪಾಲು ಮತ್ತೆ ಕೊಳವೆಯಲ್ಲಿ ಇಳಿಯುತ್ತಿತ್ತು. 1870ರ ದಶಕದಲ್ಲಿ ಬಂದ ಎರಡನೆಯ ಬಗೆಯಲ್ಲಿ ಹೊಗೆ ಹೊರಹೋಗುವ ದಾರಿಯೇ ಬೇರೆ, ತಾಜಾ ಗಾಳಿ ಒಳಬರುವ ದಾರಿಯೇ ಬೇರೆ. ಅದರಿಂದ ಬೆಳಕು ಬಹಳ ಹೆಚ್ಚಿತು. ಹೊರಗೆ ಬೀಸುವ ಗಾಳಿ ನೇರವಾಗಿ ಜ್ವಾಲೆಗೆ ತಗಲದೆ ಕೊಳವೆಯಲ್ಲಿ ಹಾದು, ವೇಗ ಕಳೆದುಕೊಂಡು ಬರುವುದರಿಂದ ದೀಪ ಆರುವುದಿಲ್ಲ. ಚಂಡಮಾರುತದ ಹೆಸರು ಈ ಲಾಟೀನಿಗೆ ಬಂದದ್ದು ಈ ಗುಣದಿಂದಲೇ.

ಅಮೆರಿಕದಲ್ಲಿ 1840ರಲ್ಲಿ ದೀಪದ ವ್ಯಾಪಾರ ಆರಂಭಿಸಿದ ಡೀಟ್ಸ್ ಮನೆತನದವರ ಕಂಪೆನಿಯ ಲಾಟೀನುಗಳೂ ಜರ್ಮನಿಯ ಫ್ಯುಯರ್‌ಹಾಂಡ್ ಲಾಟೀನುಗಳೂ ಲೋಕದೆಲ್ಲೆಡೆ ಪ್ರಸಿದ್ಧವಾದುವು. ಸ್ವದೇಶಿಯ ಕಾಲದಲ್ಲಿ ನಮ್ಮವರೂ ಸುಮ್ಮನೆ ಕೂಡಲಿಲ್ಲ. ಕರಾಡದ ಹತ್ತಿರ, ಅಂದಿನ ಔಂಧ್ ಸಂಸ್ಥಾನದ ಪಂತಪ್ರತಿನಿಧಿಗಳ ಆಶ್ರಯದಲ್ಲಿ, ಓಗಲೆ ಬಂಧುಗಳು 1916ರಲ್ಲಿ ಗಾಜಿನ ಕಾರ್ಖಾನೆ ಸ್ಥಾಪಿಸಿದರು. ಆ ಸ್ಥಳ ಓಗಲೆವಾಡಿ ಎಂದೇ ಹೆಸರಾಯಿತು. ಅಲ್ಲಿ ತಯಾರಾದ ಪ್ರಭಾಕರ ಕಂದೀಲು ಮಹಾರಾಷ್ಟ್ರದಲ್ಲಿ ಮನೆಮಾತಾಯಿತು. ಬೆಳಗಾವಿಯಿಂದ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದುದೂ ಇದೇ ಸಂಸ್ಥಾನದ ನೆಲದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಕಂದೀಲು ಎಂಬ ಮಾತು ಅರಬ್ಬಿಯಿಂದ ಬಂದದ್ದು. ಅದರ ಹಿಂದೆ ಮೇಣದಬತ್ತಿಯೆಂಬ ಅರ್ಥದ ಲ್ಯಾಟಿನ್ ಶಬ್ದವಿದೆ. ಲಾಟೀನು, ಲಾಟಾನು, ಲಾಂದ್ರ ಇವು ಯೂರೋಪಿಯನರ ಬಾಯಿಂದ ಬಂದುವು. ಉತ್ತರದ ಗಡಿಯ ಕನ್ನಡಿಗ ಕಂದೀಲು ಎನ್ನುತ್ತಾನೆ. ದಕ್ಷಿಣದವ ಲಾಟೀನು ಎನ್ನುತ್ತಾನೆ. ಇಬ್ಬರೂ ಶುದ್ಧ ಕನ್ನಡಿಗರೇ.

ಸಾಗಣೆಯ ಕ್ರಮ

ಲಾಟೀನನ್ನು ಹಚ್ಚುವುದು ಯಾರಿಗಾದರೂ ಬರುತ್ತದೆ. ಅದನ್ನು ಕೆಡದಂತೆ ಒಯ್ಯುವುದು ಅನುಭವದ ವಿದ್ಯೆ. ಗಾಡಿಯವರು, ಮೇಳದವರು, ಮೋಜಣಿಯ ಆಳುಗಳು ಅನುಸರಿಸುತ್ತಿದ್ದ ಕ್ರಮವನ್ನು ನಾವು ಶಾಲೆಯ ಬಾಲಚಮು ಶಿಬಿರಗಳಿಗೆ ಮಕ್ಕಳನ್ನು ಕರೆದೊಯ್ಯುವಾಗ ಬಹುಕಾಲ ಪಾಲಿಸಿದೆವು.

ಮೊದಲನೆಯದಾಗಿ, ಗಾಜಿನ ಬುರುಡೆಯನ್ನು ಲಾಟೀನಿನಿಂದ ಕಳಚಿ ಬೈಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ಒಂದೆರಡು ಬುರುಡೆ ಹೆಚ್ಚಿಗೆ ಇರಲೇಬೇಕು. ಏಕೆಂದರೆ ಬುರುಡೆ ಒಡೆದ ಲಾಟೀನು ಬರಿಯ ಹೊಗೆಯ ಬುಡ್ಡಿ. ಎರಡನೆಯದಾಗಿ, ದೂರ ಸಾಗಿಸುವಾಗ ಬುಡದ ಎಣ್ಣೆಯನ್ನು ಬರಿದುಮಾಡಿ ಬೇರೆ ಡಬ್ಬಿಯಲ್ಲಿ ಒಯ್ಯಬೇಕು. ಇಲ್ಲವಾದರೆ ಗಾಡಿಯ ಕುಲುಕಾಟಕ್ಕೆ ಎಣ್ಣೆ ಬತ್ತಿಯ ಸಂದಿನಿಂದ ಹೊರಗೆ ಹರಿಯುತ್ತದೆ. ಎಣ್ಣೆಯ ಡಬ್ಬಿ ಗಾಡಿಯ ಹಿಂಬದಿಗೆ, ಅಕ್ಕಿ ಬೇಳೆ ಮುಂಬದಿಗೆ. ಸೀಮೆಎಣ್ಣೆ ತಾಗಿದ ಅಕ್ಕಿಯನ್ನು ಎಷ್ಟು ತೊಳೆದರೂ ಉಣ್ಣಲಾಗದು. ಮೂರನೆಯದಾಗಿ, ಎಣ್ಣೆ ತುಂಬುವುದು ಹಗಲಿನಲ್ಲೇ ಆಗಬೇಕು. ಉರಿಯುವ ದೀಪಕ್ಕೆ ಎಂದೂ ಎಣ್ಣೆಯೆರೆಯಬಾರದು. ಕಂಠದವರೆಗೆ ತುಂಬಬಾರದು, ಕಾದ ಎಣ್ಣೆ ಹಿಗ್ಗುತ್ತದೆ. ಬತ್ತಿಯನ್ನು ನೇರವಾಗಿ ಕತ್ತರಿಸಿ ಎರಡು ಮೂಲೆಗಳನ್ನು ಸ್ವಲ್ಪವೇ ಸವರಿದರೆ ಜ್ವಾಲೆಗೆ ಕೊಂಬು ಬರುವುದಿಲ್ಲ, ಗಾಜಿಗೆ ಮಸಿ ಹಿಡಿಯುವುದಿಲ್ಲ. ಮಸಿ ಹಿಡಿದ ಗಾಜಿಗೆ ಒಲೆಯ ಬೂದಿಯೂ ಹಳೆಯ ಬಟ್ಟೆಯೂ ಸಾಕು.

ಈ ಲಾಟೀನಿಗೆ ಪೆಟ್ರೋಲನ್ನು ಹಾಕಬಾರದೆಂಬುದು ಪ್ರಾಣರಕ್ಷಣೆಯ ನಿಯಮ. ಪೆಟ್ರೋಲಿನ ಆವಿ ಚಳಿಗಾಲದಲ್ಲೂ ಕಿಡಿ ಕಂಡೊಡನೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಸುಮಾರು 35 ರಿಂದ 40 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯದೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡುವುದಿಲ್ಲ. ಹಾಗೆಯೇ ಎಲ್ಲ ಕಡೆ ಮುಚ್ಚಿದ ಡೇರೆಯೊಳಗೆ ಲಾಟೀನನ್ನು ಉರಿಯಲು ಬಿಟ್ಟು ಮಲಗಬಾರದು. ಗಾಳಿ ಸಾಲದೆ ಉರಿಯುವ ದೀಪದಿಂದ ವಿಷಾನಿಲ ಹುಟ್ಟುತ್ತದೆ. ಲಾಟೀನಿನ ಸ್ಥಾನ ಡೇರೆಯ ಬಾಗಿಲಿನ ಹೊರಗಿನ ಗೂಟದಲ್ಲಿ.

ರಾತ್ರಿ ನಡೆಯುವ ಗಾಡಿಯಲ್ಲಿ ಲಾಟೀನನ್ನು ಗಾಡಿಯ ಅಡಿಯಲ್ಲಿ, ಅಚ್ಚಿನ ಬಳಿ ತೂಗಹಾಕುವುದು ರೂಢಿ. ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಇದರಲ್ಲಿ ವಿವೇಕವಿದೆ. ದೀಪ ಕೆಳಗಿದ್ದರೆ ಗಾಡಿಯವನ ಕಣ್ಣಿಗೆ ಕುಕ್ಕುವುದಿಲ್ಲ; ನೆಲಕ್ಕೆ ಓರೆಯಾಗಿ ಬೀಳುವ ಬೆಳಕಿನಲ್ಲಿ ಕುಳಿ, ಕಲ್ಲುಗಳ ನೆರಳು ಉದ್ದವಾಗಿ ಎದ್ದು ಕಾಣುತ್ತದೆ; ಹಿಂದಿನಿಂದ ಬರುವವರಿಗೂ ಗಾಡಿಯಿರುವುದು ತಿಳಿಯುತ್ತದೆ.

ಗ್ಯಾಸ್‌ಲೈಟು ಮತ್ತು ನಮ್ಮ ಕಡಲ ಮರಳು

ಲಾಟೀನಿನ ಬೆಳಕು ಹತ್ತು ಮೇಣದಬತ್ತಿಗಳಷ್ಟು ಮಾತ್ರ. ನೂರಾರು ಜನರು ಸೇರುವ ಸ್ಥಳಕ್ಕೆ ಅದು ಸಾಲದು. ಜರ್ಮನಿಯ ಮ್ಯಾಕ್ಸ್ ಗ್ರೆಟ್ಸ್‌ನು 1910ರ ಸುಮಾರಿಗೆ ಬರ್ಲಿನ್ನಿನಲ್ಲಿ ರೂಪಿಸಿದ ಪೆಟ್ರೊಮ್ಯಾಕ್ಸ್ ಈ ಕೊರತೆಯನ್ನು ನೀಗಿಸಿತು. ಇದರಲ್ಲಿ ಬತ್ತಿಯಿಲ್ಲ. ಪಂಪಿನಿಂದ ಗಾಳಿಯೊತ್ತಿದಾಗ ಎಣ್ಣೆ ಕೊಳವೆಯಲ್ಲಿ ಮೇಲೇರಿ, ಕಾವಿಗೆ ಆವಿಯಾಗಿ, ಸಣ್ಣ ರಂಧ್ರದಿಂದ ನುಗ್ಗಿ, ಜಾಲರಿಯೊಳಗೆ ಉರಿಯುತ್ತದೆ. ಬೆಳಕು ಕೊಡುವುದು ಆ ಜಾಲರಿ. ಅದರ ಬೆಳಕು ಇನ್ನೂರರಿಂದ ಐನೂರು ಮೇಣದಬತ್ತಿಗಳಷ್ಟು. ಆಸ್ಟ್ರಿಯದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಆರಂಭಿಸಿ 1891ರ ವೇಳೆಗೆ ಪಕ್ವಗೊಳಿಸಿದ ಈ ಜಾಲರಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ, ಒಂದು ಪಾಲು ಸೀರಿಯಂ ಧಾತುವಿನ ಭಸ್ಮವಿರುತ್ತಿತ್ತು.

ಈ ಥೋರಿಯಮ್ಮಿಗೂ ಪಶ್ಚಿಮ ಕರಾವಳಿಗೂ ಸಂಬಂಧವಿದೆ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವನ್ನು ಕಂಡನು. ಥೋರಿಯಂ ಸಿಗುವುದು ಅದರಲ್ಲೇ. ಮನವಾಳಕುರಿಚ್ಚಿಯ ಕಡಲ ಮರಳು ಅಂದಿನಿಂದ ಜಾಲರಿಯ ಉದ್ಯಮಕ್ಕಾಗಿ ಹಡಗೇರಿತು. ನಾರಿನ ಹಗ್ಗಕ್ಕೆ ಅಂಟಿಹೋದ ನಮ್ಮ ನೆರೆಯ ಮರಳು ಜಾಲರಿಯಾಗಿ, ಬೆಳಕಾಗಿ ನಮ್ಮ ಕಡೆಗೇ ಮರಳಿ ಬರುವಂತಾಯಿತು.

ತೆಂಕಣ ಯಕ್ಷಗಾನದ ಮೇಳಗಳು ಈ ಬೆಳಕನ್ನು ಆದರದಿಂದ ಬರಮಾಡಿಕೊಂಡುವು. ಪಾರ್ತಿಸುಬ್ಬನ ಕುಂಬಳೆಯ ನಾಡಿನಲ್ಲಿ ಹಿಂದೆ ದೊಂದಿಯ ಬೆಳಕಿನಲ್ಲೇ ಆಟ ನಡೆಯುತ್ತಿತ್ತು. ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟ ಮೇಳಕ್ಕೆ ದಿನಕ್ಕೊಂದು ಊರು. ರಾತ್ರಿಯಿಡೀ ಆಟ, ಬೆಳಗ್ಗೆ ಪೆಟ್ಟಿಗೆಗಳನ್ನು ಹೊತ್ತು ಮುಂದಿನ ಊರಿಗೆ ನಡಿಗೆ. ಆ ಹೊರೆಯಲ್ಲಿ ಗ್ಯಾಸ್‌ಲೈಟೂ ಸೇರಿತು. ಒಮ್ಮೆ ಉರಿದ ಜಾಲರಿಯು ಬರಿಯ ಬೂದಿ. ಒಂದು ಎಡವಿಗೆ ಉದುರಿಹೋಗುತ್ತದೆ. ಆದುದರಿಂದ ಅದನ್ನು ಹೊರುವವನು ಗದ್ದೆಯ ಹುಣಿಯ ಮೇಲೂ ಸಂಕದ ಮೇಲೂ ತುಂಬಿದ ಕೊಡ ಹೊತ್ತವನಂತೆ ನಡೆಯಬೇಕು. ಮದುವೆಯ ದಿಬ್ಬಣದಲ್ಲಿ ಗ್ಯಾಸ್‌ಲೈಟು ಹೊತ್ತವನ ನಡಿಗೆಯನ್ನು ಕಂಡ ಹಿರಿಯರಿಗೆ ಈ ಮಾತಿನ ಸತ್ಯ ತಿಳಿದಿದೆ. ಎಲ್ಲರ ಮುಖಕ್ಕೂ ಬೆಳಕು ಬೀಳುತ್ತಿತ್ತು. ಹೊತ್ತವನ ಮುಖ ಮಾತ್ರ ದೀಪದ ಬುಡದ ಕತ್ತಲಲ್ಲಿರುತ್ತಿತ್ತು.

ಜನಗಣತಿಯ ರಾತ್ರಿ

ಉಪಾಧ್ಯಾಯರಿಗೂ ಲಾಟೀನಿಗೂ ಇರುವ ಒಂದು ಹಳೆಯ ನಂಟನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಬ್ರಿಟಿಷ್ ಭಾರತದಲ್ಲಿ 1881ರಿಂದ 1931ರವರೆಗೆ ಜನಗಣತಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಪದ್ಧತಿಯಿತ್ತು. 1881ರ ಫೆಬ್ರವರಿ 17, 1891ರ ಫೆಬ್ರವರಿ 26, 1901ರ ಮಾರ್ಚಿ 1, 1911ರ ಮಾರ್ಚಿ 10, 1921ರ ಮಾರ್ಚಿ 18, 1931ರ ಫೆಬ್ರವರಿ 26, ಇವು ಆ ರಾತ್ರಿಗಳು. ಮೊದಲೇ ಮನೆಗಳಿಗೆ ಸಂಖ್ಯೆಯಿಟ್ಟು ಪಟ್ಟಿಮಾಡಿರುತ್ತಿದ್ದರು. ನಿಗದಿಯಾದ ರಾತ್ರಿ ಗಣತಿದಾರರು ಮನೆಯಿಂದ ಮನೆಗೆ ಹೋಗಿ, ಸತ್ತವರನ್ನೂ ಹೋದವರನ್ನೂ ಹೊಡೆದುಹಾಕಿ, ಹುಟ್ಟಿದವರನ್ನೂ ಬಂದವರನ್ನೂ ಸೇರಿಸಿ ಪಟ್ಟಿಯನ್ನು ತಿದ್ದುತ್ತಿದ್ದರು. ದಾರಿಯ ಮೇಲಿರುವವರು, ಛತ್ರಗಳಲ್ಲಿ ತಂಗಿದವರು, ಗಾಡಿಯ ಬಿಡಾರ ಹೂಡಿದವರು, ದೋಣಿಯಲ್ಲಿರುವವರು, ಇವರನ್ನು ಎಣಿಸಲು ಪ್ರತ್ಯೇಕ ಏರ್ಪಾಡು ಇರುತ್ತಿತ್ತು. ಸಾಧ್ಯವಾದಷ್ಟು ಬೆಳದಿಂಗಳಿರುವ, ಜಾತ್ರೆಗಳಿಲ್ಲದ ರಾತ್ರಿಯನ್ನೇ ಆರಿಸುತ್ತಿದ್ದರು. ಆದರೂ ಪಟ್ಟಿ ಓದಲು ದೀಪ ಬೇಕಲ್ಲವೆ?

ಆ ಗಣತಿದಾರರಲ್ಲಿ ಹಳ್ಳಿಯ ಉಪಾಧ್ಯಾಯರು ಬಹುಮಂದಿ. ಪಟ್ಟಿಯ ಒಂದು ಅಂಕಣದಲ್ಲಿ ಆಡುವ ಭಾಷೆ ಯಾವುದೆಂದು ಬರೆಯಬೇಕಾಗಿತ್ತು. ಎರಡು ಮೂರು ಭಾಷೆಗಳನ್ನು ಸಹಜವಾಗಿ ಆಡುವ ಗಡಿನಾಡಿನ ಕುಟುಂಬಕ್ಕೆ ಆ ಪ್ರಶ್ನೆ ಅಂದು ದೊಡ್ಡದಾಗಿ ಕಂಡಿರಲಾರದು. ಆದರೆ 1953ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಗಿ, 1956ರ ನವೆಂಬರ್ 1ರಂದು ಗಡಿಗಳು ಹೊಸದಾಗಿ ನಿಂತಾಗ, ಭಾಷೆಯ ಅಂಕಿಗಳೇ ವಾದದ ಆಧಾರಗಳಾದುವು. 1951ರ ಅಂಕಿಗಳಿಗೆ ಹಿಂದಿನ ಗಣತಿಗಳ ಅಂಕಿಗಳನ್ನು ಹೋಲಿಸಿ ನೋಡಿದವರು ಎಷ್ಟೋ ಮಂದಿ. ಒಂದು ಕಾಲದಲ್ಲಿ ಲಾಟೀನಿನ ಮಬ್ಬು ಬೆಳಕಿನಲ್ಲಿ ಒಬ್ಬ ಉಪಾಧ್ಯಾಯನು ಬರೆದ ಒಂದು ಪದಕ್ಕೆ ಮುಂದೆ ಎಷ್ಟು ಬೆಲೆ ಬಂದಿತೆಂಬುದನ್ನು ನಮ್ಮ ವೃತ್ತಿಯವರು ಮರೆಯಲಾಗದು. ಬರೆಯುವ ಕೈ ಶುದ್ಧವಾಗಿರಬೇಕು, ಕಾಣುವಷ್ಟು ಬೆಳಕೂ ಇರಬೇಕು.

ನಮ್ಮ ಕರ್ತವ್ಯ

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲೇ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಅಲ್ಲಿಂದ ಗಡಿಯ ಹಳ್ಳಿಗಳಿಗೆ ಆ ತಂತಿ ತಲುಪಲು ಎರಡು ಮೂರು ತಲೆಮಾರುಗಳೇ ಬೇಕಾದುವು. ಈ ಲೇಖಕನ ಪ್ರಾಯದವರಲ್ಲಿ ಎಷ್ಟೋ ಮಂದಿ ಚಿಮಿಣಿ ದೀಪದ ಮುಂದೆ ಕುಳಿತೇ ಅಕ್ಷರ ಕಲಿತವರು. ಇಂದಿನ ಶಿಬಿರಗಳಲ್ಲಿ ಬ್ಯಾಟರಿಯ ದೀಪವೂ ಸೂರ್ಯಶಕ್ತಿಯ ಲಾಟೀನೂ ಬಂದಿವೆ. ಅವು ಹಗುರ, ಸುರಕ್ಷಿತ. ಅವನ್ನು ಬಿಟ್ಟು ಹಳೆಯದಕ್ಕೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು. ಹೊಗೆ ಕುಡಿದು ಓದಿದವರಿಗೆ ಆ ಹೊಗೆಯ ಮೇಲೆ ಮೋಹವಿಲ್ಲ.

ಆದರೆ ವಸ್ತು ಹೋದಮೇಲೆ ಅದರ ಹೆಸರುಗಳೂ ಅದನ್ನು ಬಳಸಿದವರ ಅನುಭವವೂ ಹೋಗುತ್ತವೆ. ಲಾಟೀನಿನ ಚರಿತ್ರೆಯನ್ನು ಕಂಡುಹಿಡಿದವರ ಹೆಸರುಗಳಿಂದ ಬರೆಯಬಹುದು, ಅವು ಪುಸ್ತಕಗಳಲ್ಲಿವೆ. ಹೊತ್ತವರ ಚರಿತ್ರೆ ಯಾವ ಪುಸ್ತಕದಲ್ಲೂ ಇಲ್ಲ. ಅದು ನಮ್ಮ ಊರುಗಳ ಎಂಬತ್ತು ತೊಂಬತ್ತು ವರ್ಷದ ಅಜ್ಜ ಅಜ್ಜಿಯರ ನೆನಪಿನಲ್ಲಿದೆ. ಗಾಡಿ ಹೊಡೆದವರು, ಮೇಳದ ಪೆಟ್ಟಿಗೆ ಹೊತ್ತವರು, ದಿಬ್ಬಣದಲ್ಲಿ ಗ್ಯಾಸ್‌ಲೈಟು ಹೊತ್ತವರು ಇನ್ನೂ ಕೆಲವರು ಇದ್ದಾರೆ. ಹೊಸೂರಿನವರು ಏನೆನ್ನುತ್ತಿದ್ದರು, ರಾಯದುರ್ಗದವರು ಏನೆನ್ನುತ್ತಿದ್ದರು, ವಯನಾಡಿನ ಕನ್ನಡಿಗರು ಏನೆನ್ನುತ್ತಿದ್ದರು, ನೀಲಗಿರಿಯವರು ಏನೆನ್ನುತ್ತಿದ್ದರು ಎಂದು ಕೇಳಿ ಬರೆದಿಡುವವರು ಬೇಕು. ನಾಲ್ಕೈದು ರಾಜ್ಯಗಳಲ್ಲಿ ಹಂಚಿಹೋಗಿರುವ ನಮ್ಮ ಶಾಲೆಗಳಿಗಿಂತ ಈ ಕೆಲಸಕ್ಕೆ ತಕ್ಕ ಸಂಸ್ಥೆ ಬೇರೊಂದಿಲ್ಲ. ಏಳನೆಯ ಎಂಟನೆಯ ತರಗತಿಯ ಹುಡುಗರಿಗೆ ಒಂದು ರಜೆಯ ಕೆಲಸವಾಗಿ ಇದನ್ನು ಕೊಡಬಹುದು. ಮನೆಯ ಅಟ್ಟದಲ್ಲಿ ತುಕ್ಕು ಹಿಡಿದಿರುವ ಲಾಟೀನು ಯಾವ ಕಾರ್ಖಾನೆಯದು, ಯಾವ ಪೇಟೆಯಿಂದ ಬಂದದ್ದು, ಅದರ ಒಂದೊಂದು ಅಂಗಕ್ಕೆ ಮನೆಯಲ್ಲಿ ಏನು ಹೆಸರು, ಅದನ್ನು ಯಾರು ಎಲ್ಲಿಗೆ ಒಯ್ಯುತ್ತಿದ್ದರು, ಇಷ್ಟನ್ನು ಒಂದು ಪುಟದಲ್ಲಿ ಬರೆಸಿದರೆ ಸಾಕು. ಹಾಗೆ ಸೇರಿದ ಪುಟಗಳಿಂದ ಮುಂದೆ ಒಂದು ಗ್ರಂಥವೇ ಆದೀತು.

ಉಪಾಧ್ಯಾಯ ಬಂಧುಗಳು ಈ ಕೆಲಸವನ್ನು ಈ ವರ್ಷವೇ ಕೈಗೊಳ್ಳಬೇಕೆಂದು ಪ್ರಾರ್ಥನೆ. ಹೇಳುವವರ ವಯಸ್ಸು ನಮಗಾಗಿ ಕಾಯುವುದಿಲ್ಲ.